ಟಿವಿ ಚಿತ್ರ ಒಡೆಯುತ್ತಿದೆಯೇ? ಬಾಕ್ಸ್ ಬದಲಿಸುವ ಮುನ್ನ ವೈರ್ ನೋಡಿ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಡಿಡಿ ಫ್ರೀ ಡಿಶ್ ಕುರಿತಾದವು. ತಾರಸಿಯ ಆಂಟೆನಾ ಬಗ್ಗೆ ಬೆಂಗಳೂರಿನಿಂದ ಒಂದು, ಇಂಗ್ಲೆಂಡಿನಿಂದ ಒಂದು ಪ್ರಶ್ನೆ ಬಂದಿವೆ.

ಪ್ರಶ್ನೆ: ಫ್ರೀ ಡಿಶ್ ಹಾಕಿಸಿ ಮೂರು ವರ್ಷವಾಯಿತು. ಈಚೆಗೆ ಬೆಳಗಿನ ಹೊತ್ತು ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ದನಿ ಕಡಿದು ಕಡಿದು ಬರುತ್ತದೆ. ಬಿಸಿಲೇರಿದ ಮೇಲೆ ತಾನೇ ಸರಿಹೋಗುತ್ತದೆ. ಮಳೆ ಬಂದರಂತೂ ‘ನೋ ಸಿಗ್ನಲ್’. ಹೊಸ ಬಾಕ್ಸ್ ತಂದರೂ ಅದೇ ಪಾಡು. ಸ್ಟ್ರೆಂತ್ 85 ಇದೆ, ಕ್ವಾಲಿಟಿ ಮಾತ್ರ 20ರಿಂದ 40ರ ನಡುವೆ ಓಲಾಡುತ್ತದೆ. ಎಲ್‌ಎನ್‌ಬಿ (ಡಿಶ್‌ನ ಮುಂದಿನ ಕಡ್ಡಿಯ ತುದಿಯಲ್ಲಿ ಸಿಗ್ನಲ್ ಹಿಡಿಯುವ ಸಾಧನ) ಬದಲಿಸಿ ಎನ್ನುತ್ತಿದ್ದಾರೆ. ಬದಲಿಸಬೇಕೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದಿರುವ ಎರಡು ಅಂಕಿಗಳಲ್ಲೇ ಅರ್ಧ ಉತ್ತರವಿದೆ. ಸ್ಟ್ರೆಂತ್ ಎಂದರೆ ವೈರಿನಲ್ಲಿ ಬಾಕ್ಸ್‌ಗೆ ಬಂದು ತಲುಪುತ್ತಿರುವ ಒಟ್ಟು ಶಕ್ತಿ. ಅದರಲ್ಲಿ ಬರೀ ಗದ್ದಲವೂ ಸೇರಿರುತ್ತದೆ. ಡಿಶ್ ಅನ್ನು ಖಾಲಿ ಆಕಾಶದ ಕಡೆ ತಿರುಗಿಸಿದರೂ ಎಷ್ಟೋ ಬಾಕ್ಸ್‌ಗಳು ಒಳ್ಳೆಯ ಸ್ಟ್ರೆಂತ್ ತೋರಿಸುತ್ತವೆ. ಚಿತ್ರ ಬರುವುದು ಕ್ವಾಲಿಟಿಯ ಮೇಲೆ. ನಿಮ್ಮಲ್ಲಿ ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದೆ, ಬಾಕ್ಸ್ ಚೆನ್ನಾಗಿದೆ. ಕೆಟ್ಟಿರುವುದು ನಡುವೆ ಎಲ್ಲೋ.

ಬೆಳಗ್ಗೆ ಕೆಟ್ಟು ಬಿಸಿಲಿಗೆ ಸರಿಹೋಗುವ ತೊಂದರೆಗೆ ಮೊದಲ ಅನುಮಾನ ತೇವದ ಮೇಲೆ, ಅದರಲ್ಲೂ ಎಲ್‌ಎನ್‌ಬಿ ಹತ್ತಿರದ ಎಫ್ ಕನೆಕ್ಟರ್, ಎಂದರೆ ವೈರ್ ತುದಿಯ ಲೋಹದ ತಿರುಪು ಜೋಡಣೆಯ ಮೇಲೆ. ಬಾಕ್ಸ್‌ನ ಪ್ಲಗ್ ತೆಗೆದು, ತಾರಸಿಗೆ ಹೋಗಿ ಆ ಕನೆಕ್ಟರ್ ಬಿಚ್ಚಿ. ನಡುವಿನ ತಾಮ್ರದ ತಂತಿ ಹೊಳೆಯುತ್ತಿರಬೇಕು. ಕಪ್ಪಗಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ ಅಥವಾ ಸುತ್ತಲಿನ ಬಲೆಯಂಥ ಹೆಣಿಗೆಯಲ್ಲಿ ಬಿಳಿ ಪುಡಿ ಕಂಡರೆ ನೀರು ಒಳಗೆ ಹೋಗಿದೆ. ನೀರು ಅಲ್ಲಿಗೇ ನಿಲ್ಲುವುದಿಲ್ಲ. ಹೆಣಿಗೆಯ ಉದ್ದಕ್ಕೂ ಜಿನುಗುತ್ತಾ ಕೆಳಗಿಳಿಯುತ್ತದೆ, ಕೆಲವು ಮನೆಗಳಲ್ಲಿ ಬಾಕ್ಸ್‌ನ ತನಕ ಬಂದದ್ದೂ ಉಂಟು. ಹಾಗಾಗಿ ತುದಿಯನ್ನು ಒರೆಸಿ ಮತ್ತೆ ಸಿಕ್ಕಿಸಿದರೆ ಪ್ರಯೋಜನವಿಲ್ಲ. ಒಳಗೆ ಶುಭ್ರವಾದ ಲೋಹ ಕಾಣುವ ತನಕ ಗೇಣು ಗೇಣು ಕತ್ತರಿಸುತ್ತಾ ಹೋಗಿ. ಒಂದೆರಡು ಮೀಟರ್ ಕತ್ತರಿಸಿದರೂ ಕಪ್ಪು ಕಂಡರೆ ಇಡೀ ವೈರ್ ಬದಲಿಸಿ. ಬೇಕಾದದ್ದು 75 ಓಮ್‌ನ ಆರ್‌ಜಿ-6 ಕೇಬಲ್. ನಡುವಿನ ತಂತಿ ಪೂರ್ತಿ ತಾಮ್ರದ್ದಾಗಿದ್ದರೆ ಒಳ್ಳೆಯದು, ಉದ್ದದ ವೈರಿಗಂತೂ ಅದೇ ಸರಿ. ಉಕ್ಕಿನ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್‌ನಲ್ಲಿ ಎಲ್‌ಎನ್‌ಬಿಗೆ ಹೋಗುವ ವೋಲ್ಟೇಜ್ ದಾರಿಯಲ್ಲೇ ಇಳಿಯುತ್ತದೆ. ನಡುವೆ ಎಲ್ಲೂ ಜೋಡಣೆ ಬೇಡ.

ಹೊಸ ತುದಿ ಮಾಡುವಾಗ ಹೊರಗಿನ ಕಪ್ಪು ಸಿಪ್ಪೆಯನ್ನು ಸುಮಾರು 15 ಮಿ.ಮೀ. ಸುಲಿಯಿರಿ. ಹೆಣಿಗೆಯನ್ನು ಹಿಂದಕ್ಕೆ ಮಡಚಿ. ಒಳಗಿನ ಬಿಳಿ ಪದರ 7 ಮಿ.ಮೀ.ನಷ್ಟು ಉಳಿಸಿ, ಅದರಾಚೆ ತಾಮ್ರವನ್ನು ಬರಿದು ಮಾಡಿ. ಕನೆಕ್ಟರ್ ಕೂರಿಸಿದಾಗ ಬಿಳಿ ಪದರ ಅದರ ಒಳ ಅಂಚಿಗೆ ಸಮವಾಗಿರಬೇಕು, ತಾಮ್ರ ಹೊರ ಬಾಯಿಯಿಂದ 2–3 ಮಿ.ಮೀ. ಮುಂದೆ ಚಾಚಿರಬೇಕು. ಅದಕ್ಕಿಂತ ಗಿಡ್ಡವಾದರೆ ಒಳಗೆ ಸರಿಯಾಗಿ ತಾಗುವುದಿಲ್ಲ, ತೀರಾ ಉದ್ದವಾದರೆ ಸಾಕೆಟ್ ಹಾಳು. ಹೆಣಿಗೆಯ ಕೂದಲೆಳೆಯಷ್ಟು ತಂತಿ ನಡುವಿನ ತಾಮ್ರಕ್ಕೆ ತಾಗಿದರೂ ಶಾರ್ಟ್ ಆಗುತ್ತದೆ. ಬೆಳಕಿಗೆ ಹಿಡಿದು ನೋಡಿಯೇ ಸಿಕ್ಕಿಸಿ. ಬರೀ ಇನ್ಸುಲೇಶನ್ ಟೇಪ್ ಸುತ್ತಿದರೆ ಒಂದು ಮಳೆಗಾಲಕ್ಕೂ ಬಾಳುವುದಿಲ್ಲ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಿ. ವೈರ್ ಮನೆಯೊಳಗೆ ಹೋಗುವ ಮುನ್ನ ಒಂದು ಕಡೆ ಇಳಿಬಿದ್ದು ಮತ್ತೆ ಮೇಲೇರುವಂತಿರಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಇಷ್ಟಾದರೂ ಕ್ವಾಲಿಟಿ ಏರದಿದ್ದರೆ ಡಿಶ್‌ನ ದಿಕ್ಕು ನೋಡಬೇಕು. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ, ಅದು 93.5 ಡಿಗ್ರಿ ಪೂರ್ವದಲ್ಲಿದೆ. ನಿಮ್ಮೂರಿಂದ ಅದು ಉತ್ತರದಿಂದ ಎಣಿಸಿ ಸುಮಾರು 126 ಡಿಗ್ರಿ, ಎಂದರೆ ಆಗ್ನೇಯ. ನೆಲಮಟ್ಟದಿಂದ ಸುಮಾರು 63 ಡಿಗ್ರಿ ಎತ್ತರ. ದಿಕ್ಸೂಚಿ ಹಿಡಿಯುವಾಗ ಕಬ್ಬಿಣದ ಕಂಬದಿಂದ ದೂರ ನಿಲ್ಲಿ. ಈಗಿರುವ ಸ್ಥಾನಕ್ಕೆ ಮೊದಲು ಮಾರ್ಕರ್‌ನಿಂದ ಗುರುತು ಹಾಕಿ, ಆಮೇಲೆ ನಟ್ಟನ್ನು ಡಿಶ್ ಬಿಗಿಯಾಗಿ ಅಲುಗುವಷ್ಟು ಮಾತ್ರ ಸಡಿಲಿಸಿ. 60 ಸೆಂ.ಮೀ. ಡಿಶ್‌ನ ಅಂಚು 5 ಮಿ.ಮೀ. ಸರಿದರೆ ದಿಕ್ಕು ಒಂದು ಡಿಗ್ರಿ ಬದಲಾಗುತ್ತದೆ, ಒಂದೂವರೆ ಡಿಗ್ರಿ ತಪ್ಪಿದರೆ ಸಿಗ್ನಲ್ ಅರ್ಧಕ್ಕಿಳಿಯುತ್ತದೆ. ಆದ್ದರಿಂದ ಒಂದೊಂದು ಸಲಕ್ಕೆ 2 ಮಿ.ಮೀ. ಸರಿಸಿ, ಐದು ಸೆಕೆಂಡ್ ಕಾಯಿರಿ. ಬಾಕ್ಸ್‌ನ ಅಂಕಿ ನಿಧಾನವಾಗಿ ಬದಲಾಗುತ್ತದೆ, ಆತುರಪಟ್ಟರೆ ಸರಿಯಾದ ಜಾಗ ದಾಟಿಹೋಗುತ್ತದೆ. ಕೆಳಗೊಬ್ಬರು ಪರದೆ ನೋಡಿ ಫೋನಿನಲ್ಲಿ ಹೇಳುತ್ತಿರಲಿ. ಅಡ್ಡ, ಎತ್ತರ ಎರಡೂ ಆದ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ಎಡಕ್ಕೆ, ಬಲಕ್ಕೆ ನಿಧಾನವಾಗಿ ತಿರುಗಿಸಿ ನೋಡಿ. ಹೆಚ್ಚಿನವರು ಇದನ್ನು ಬಿಟ್ಟೇಬಿಡುತ್ತಾರೆ. ನಮ್ಮ ರಾಜ್ಯದಲ್ಲಿ ಇದರ ಓರೆ ಸಾಕಷ್ಟು ಬೇಕಾಗುತ್ತದೆ, ನೆಟ್ಟಗಿಟ್ಟರೆ ಕ್ವಾಲಿಟಿ ಅರ್ಧಂಬರ್ಧವೇ ಉಳಿಯುತ್ತದೆ.

ಎಲ್‌ಎನ್‌ಬಿಯ ಸರದಿ ಕೊನೆಗೆ. ಅದರ ಮುಂಭಾಗದ ಪ್ಲಾಸ್ಟಿಕ್ ಮುಚ್ಚಳ ಬಿರುಕು ಬಿಟ್ಟಿದ್ದರೆ ಬದಲಿಸಿ. ಮುಚ್ಚಳ ಸರಿಯಿದ್ದೂ ಅನುಮಾನವಿದ್ದರೆ ಪಕ್ಕದ ಮನೆಯವರ ಎಲ್‌ಎನ್‌ಬಿಯನ್ನು ಹತ್ತು ನಿಮಿಷ ಎರವಲು ತಂದು ಹಾಕಿ ನೋಡಿ, ಆಮೇಲೆ ದುಡ್ಡು ಕೊಡಿ. ಮಲೆನಾಡಿನ ಜಡಿಮಳೆಗೆ 60 ಸೆಂ.ಮೀ. ಡಿಶ್ ಚಿಕ್ಕದೇ. 90 ಸೆಂ.ಮೀ.ನದ್ದಾದರೆ ಹಿಡಿಯುವ ಸಿಗ್ನಲ್ ಎರಡೂಕಾಲು ಪಟ್ಟು, ಅಂದರೆ ಸುಮಾರು 3.5 ಡೆಸಿಬೆಲ್ ಹೆಚ್ಚು. ದೊಡ್ಡ ಮಳೆಗೆ ಅದೂ ಕೆಲವು ನಿಮಿಷ ಸೋಲಬಹುದು, ಆದರೆ ಸೋಲುವ ಹೊತ್ತು ಕಡಿಮೆಯಾಗುತ್ತದೆ. ಡಿಶ್ ಅನ್ನು ಎತ್ತರಕ್ಕೇರಿಸುವುದರಿಂದ ಮಾತ್ರ ಏನೂ ಲಾಭವಿಲ್ಲ. ಎದುರು ಮರೆ ಇಲ್ಲದಿದ್ದರೆ ಕೈಗೆಟುಕುವ ಜಾಗವೇ ಮೇಲು. ಒದ್ದೆ ಹೆಂಚಿನ ಮೇಲೆ, ಗುಡುಗಿನ ಹೊತ್ತಿನಲ್ಲಿ ದಯವಿಟ್ಟು ಹತ್ತಬೇಡಿ.

ಪ್ರಶ್ನೆ: ವರ್ಷಕ್ಕೆರಡು ಸಲ, ಮಾರ್ಚ್‌ನಲ್ಲಿ ಮತ್ತು ದಸರೆಯ ಆಸುಪಾಸಿನಲ್ಲಿ, ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸ್ವಲ್ಪ ಹೊತ್ತು ಎಲ್ಲ ಚಾನೆಲ್ ಹೋಗುತ್ತವೆ. ಆಕಾಶ ಶುಭ್ರವಾಗಿರುತ್ತದೆ. ಕೆಲವು ದಿನ ಹೀಗಾಗಿ ತಾನಾಗಿ ನಿಲ್ಲುತ್ತದೆ. — ಕಲಬುರಗಿ

ಉತ್ತರ: ಆಗ ಸೂರ್ಯ ನೇರವಾಗಿ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ, ಅವನ ರೇಡಿಯೋ ಗದ್ದಲದಲ್ಲಿ ಸಿಗ್ನಲ್ ಮುಳುಗುತ್ತದೆ. ಕಲಬುರಗಿಯಲ್ಲಿ ಮಾರ್ಚ್ 12–13 ಹಾಗೂ ಸೆಪ್ಟೆಂಬರ್ 30ರ ಹಿಂದುಮುಂದಿನ ಕೆಲವು ದಿನ, ಹತ್ತು ನಿಮಿಷದ ಆಸುಪಾಸು ಹೀಗಾಗುತ್ತದೆ. ಯಾವುದನ್ನೂ ಬಿಚ್ಚಬೇಡಿ.

ಈ ದಿನಗಳು ಬೇರೊಂದು ಕೆಲಸಕ್ಕೆ ಬಹಳ ಉಪಯೋಗ, ಎಲ್ಲ ಊರಿನವರಿಗೂ ಅನ್ವಯಿಸುತ್ತದೆ. ಸಿಗ್ನಲ್ ಹೋದ ಆ ಹೊತ್ತಿನಲ್ಲಿ ತಾರಸಿಗೆ ಹೋಗಿ ಡಿಶ್‌ನ ಮುಖ ನೋಡಿ. ಅದರ ಮೇಲೆ ತೆಂಗಿನ ಗರಿಯ ನೆರಳೋ ನೀರಿನ ಟ್ಯಾಂಕಿನ ನೆರಳೋ ಬಿದ್ದಿದ್ದರೆ, ಉಪಗ್ರಹಕ್ಕೂ ಅದೇ ಅಡ್ಡವಾಗಿದೆ. ಗಾಳಿ ಬೀಸಿದಾಗ ಚಿತ್ರ ಒಡೆಯುವ ಎಷ್ಟೋ ಮನೆಗಳಲ್ಲಿ ಕಾರಣ ಇದೇ. ಸೂರ್ಯನ ಕಡೆ ನೋಡಬೇಡಿ, ನೆರಳು ನೋಡಿದರೆ ಸಾಕು.

ಪ್ರಶ್ನೆ: ಮೇಲೆ ಕೆಳಗೆ ಎರಡು ಟಿವಿ, ಎರಡು ಬಾಕ್ಸ್. ಕೇಬಲ್ ಟಿವಿ ಕಾಲದ ಸ್ಪ್ಲಿಟರ್ ಹಾಕಿದರೆ ಎರಡರಲ್ಲೂ ಏನೂ ಬರುತ್ತಿಲ್ಲ. — ದಾವಣಗೆರೆ

ಉತ್ತರ: ಆ ಸ್ಪ್ಲಿಟರ್ ಮೇಲೆ 5–1000 ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ, ನೋಡಿ. ಫ್ರೀ ಡಿಶ್‌ನ ಒಂದು ಫ್ರೀಕ್ವೆನ್ಸಿ 11090. ಎಲ್‌ಎನ್‌ಬಿ ಅದರಿಂದ 9750 ಕಳೆದು ವೈರಿಗೆ ಬಿಡುತ್ತದೆ. ಉಳಿದದ್ದು 1340, ಸ್ಪ್ಲಿಟರ್‌ನ ಮಿತಿಗಿಂತ ಆಚೆ. ಜೊತೆಗೆ ಬಾಕ್ಸ್‌ನಿಂದ ಎಲ್‌ಎನ್‌ಬಿಗೆ ಹೋಗಬೇಕಾದ 13 ವೋಲ್ಟ್ ಕೂಡ ಅಲ್ಲೇ ನಿಲ್ಲಬಹುದು. 2400 ಮೆಗಾಹರ್ಟ್ಸ್ ತನಕದ, ಪವರ್ ಪಾಸ್ (ಆ ವೋಲ್ಟೇಜನ್ನು ದಾಟಲು ಬಿಡುವ ವ್ಯವಸ್ಥೆ) ಇರುವ ಸ್ಪ್ಲಿಟರ್ ಸಿಗುತ್ತದೆ. ಆದರೆ ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿ, ಬಾಕ್ಸ್‌ಗೊಂದರಂತೆ ಬೇರೆ ಬೇರೆ ವೈರ್ ಎಳೆಯುವುದೇ ನಮ್ಮ ಸಲಹೆ.

ಪ್ರಶ್ನೆ: ಕ್ವಾಲಿಟಿ 80 ಇದೆ. ಆದರೂ ಕೆಲವು ಚಾನೆಲ್ ಮಾತ್ರ ಕಪ್ಪು ಪರದೆ. — ಹಾವೇರಿ

ಉತ್ತರ: ನಿಮ್ಮದು ಹಳೆಯ ಎಂಪೆಗ್-2 ಬಾಕ್ಸ್ ಇರಬೇಕು, ಆ ಚಾನೆಲ್‌ಗಳು ಎಂಪೆಗ್-4ರವು. ಇವೆರಡೂ ಚಿತ್ರವನ್ನು ಅಡಕಗೊಳಿಸುವ ಪದ್ಧತಿಗಳು, ಹಳೆಯ ಬಾಕ್ಸ್‌ಗೆ ಹೊಸದನ್ನು ಬಿಡಿಸಲು ಬರುವುದಿಲ್ಲ. ಡಿಶ್ ಮುಟ್ಟಬೇಡಿ. ಈ ಒಂದು ಸಂದರ್ಭದಲ್ಲಿ ಬಾಕ್ಸ್ ಬದಲಿಸುವುದೇ ದಾರಿ.

ಪ್ರಶ್ನೆ: ದೂರದರ್ಶನದ ಕಾಲದ ಮೀನಿನ ಮುಳ್ಳಿನಂಥ ಆಂಟೆನಾ ತಾರಸಿಯಲ್ಲಿ ಇನ್ನೂ ಇದೆ. ಹೊಸ ಟಿವಿಗೆ ಹಾಕಿದರೆ ಡಿಜಿಟಲ್ ಚಾನೆಲ್ ಬರುತ್ತದೆಯೇ? — ಬೆಂಗಳೂರು

ಉತ್ತರ: ಗೋಪುರದಿಂದ ನೇರವಾಗಿ ಬರುವ ಡಿಜಿಟಲ್ ಪ್ರಸಾರವನ್ನು ದೂರದರ್ಶನ 2016ರಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಆರಂಭಿಸಿತು. ಅದು ಡಿವಿಬಿ-ಟಿ2 ಪದ್ಧತಿಯದು. ಟಿವಿಯ ವಿವರಪಟ್ಟಿಯಲ್ಲಿ ಆ ಹೆಸರಿಲ್ಲದಿದ್ದರೆ ಆಸೆ ಬಿಡಿ. ಇದ್ದರೆ ಆಂಟೆನಾದ ಕಡ್ಡಿ ಅಳೆಯಿರಿ. ಒಂದಡಿಯ ಆಸುಪಾಸಿನ ಗಿಡ್ಡ ಕಡ್ಡಿಗಳಾದರೆ ಅದು ಯುಎಚ್‌ಎಫ್‌ನದು (ಹೆಚ್ಚಿನ ಫ್ರೀಕ್ವೆನ್ಸಿಯ ಟಿವಿ ಪಟ್ಟಿ), ಪ್ರಯತ್ನಿಸಬಹುದು. ಎರಡೂವರೆ ಅಡಿ ಅಥವಾ ಇನ್ನೂ ಉದ್ದವಾದರೆ ಅದಕ್ಕಿಂತ ಕೆಳಗಿನ ಪಟ್ಟಿಯಾದ ವಿಎಚ್‌ಎಫ್‌ನದು, ಇದಕ್ಕೆ ಆಗದು. ಹಳೆಯ ಚಪ್ಪಟೆ ವೈರ್ 300 ಓಮ್‌ನದು, ಅದನ್ನು ಕಿತ್ತು ಬಾಲನ್ (300 ಓಮ್‌ನ ಆಂಟೆನಾವನ್ನು 75 ಓಮ್‌ನ ಕೇಬಲ್‌ಗೆ ಹೊಂದಿಸುವ ಚಿಕ್ಕ ಭಾಗ) ಹಾಕಿ ಆರ್‌ಜಿ-6 ಎಳೆಯಿರಿ. ಟಿವಿಯಲ್ಲಿ ಹುಡುಕಾಟವನ್ನು ‘ಆಂಟೆನಾ’ ಆಯ್ಕೆಯಲ್ಲೇ ಮಾಡಿ. ಒಂದು ಹುಡುಕಾಟದಲ್ಲಿ ಏನೂ ಸಿಗದಿದ್ದರೆ ಹೊಸ ಆಂಟೆನಾ, ಬೂಸ್ಟರ್ ಎಂದು ಖರ್ಚು ಮಾಡಬೇಡಿ, ಫ್ರೀ ಡಿಶ್ ಹಾಕಿಸಿ.

ಪ್ರಶ್ನೆ: ನಮ್ಮದು ತಾರಸಿ ಆಂಟೆನಾದ ಫ್ರೀವ್ಯೂ, ಎಂದರೆ ಇಲ್ಲಿನ ಉಚಿತ ಡಿಜಿಟಲ್ ಟಿವಿ. ಮರು-ಟ್ಯೂನ್ ಮಾಡಿದಾಗಲೆಲ್ಲ ಬಿಬಿಸಿ ಚಾನೆಲ್‌ಗಳು ಒಡೆಯುತ್ತವೆ, 800ರ ಮೇಲಿನ ಸಂಖ್ಯೆಗಳಲ್ಲಿ ಅವೇ ಚಾನೆಲ್‌ಗಳು ಚೆನ್ನಾಗಿ ಬರುತ್ತವೆ. — ರೆಡಿಂಗ್, ಇಂಗ್ಲೆಂಡ್

ಉತ್ತರ: ರೆಡಿಂಗ್‌ಗೆ ಎರಡು ಗೋಪುರಗಳ ಸಿಗ್ನಲ್ ಸಿಗುತ್ತದೆ. ಪೂರ್ವಕ್ಕೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್, ನೈಋತ್ಯಕ್ಕೆ ಹ್ಯಾನಿಂಗ್ಟನ್. ಟಿವಿ ಮೊದಲು ಕಂಡದ್ದನ್ನು ಮುಖ್ಯ ಸ್ಥಾನದಲ್ಲಿಟ್ಟು, ಇನ್ನೊಂದನ್ನು 800ರ ಆಚೆ ತಳ್ಳಿದೆ. ಬಿಬಿಸಿ ಒನ್‌ನ ಸ್ಥಳೀಯ ವಾರ್ತೆ ನೋಡಿ: ಲಂಡನ್ ವಾರ್ತೆ ಬಂದರೆ ಕ್ರಿಸ್ಟಲ್ ಪ್ಯಾಲೇಸ್, ಸೌತ್ ವಾರ್ತೆ ಬಂದರೆ ಹ್ಯಾನಿಂಗ್ಟನ್. ಟಿವಿಯ ಸಿಗ್ನಲ್ ಮಾಹಿತಿ ಪುಟದಲ್ಲಿ ಬಿಬಿಸಿ ಒನ್‌ಗೆ ಯುಎಚ್‌ಎಫ್ ಚಾನೆಲ್ 23 ಎಂದಿದ್ದರೆ ಅದೂ ಕ್ರಿಸ್ಟಲ್ ಪ್ಯಾಲೇಸೇ.

ಆಂಟೆನಾ ಯಾವ ಕಡೆ ಮುಖಮಾಡಿದೆ ಎಂದು ನೆಲದಿಂದಲೇ ನೋಡಿ. ಚಾನೆಲ್‌ಗಳನ್ನೆಲ್ಲ ಅಳಿಸಿ, ಆ ಗೋಪುರದ ಯುಎಚ್‌ಎಫ್ ಸಂಖ್ಯೆಗಳನ್ನು ಮಾತ್ರ ಮ್ಯಾನುವಲ್ ಟ್ಯೂನ್‌ನಲ್ಲಿ ಒಂದೊಂದಾಗಿ ಹಾಕಿ. ನಿಮ್ಮ ಪೋಸ್ಟ್‌ಕೋಡ್ ಕೊಟ್ಟರೆ ಫ್ರೀವ್ಯೂ ಜಾಲತಾಣದಲ್ಲಿ ಆ ಸಂಖ್ಯೆಗಳು ಸಿಗುತ್ತವೆ. ಬೂಸ್ಟರ್ ಇದ್ದರೆ ಒಮ್ಮೆ ತೆಗೆದು ನೋಡಿ. ಸಿಗ್ನಲ್ ಅತಿಯಾದರೂ ಚಿತ್ರ ಹೀಗೇ ಒಡೆಯುತ್ತದೆ. 2020ರಿಂದ ಅಲ್ಲಿ ಟಿವಿಗೆ ಉಳಿದಿರುವುದು 21ರಿಂದ 48ರ ತನಕದ ಚಾನೆಲ್‌ಗಳು, ಅದರ ಮೇಲಿನ ಪಟ್ಟಿ ಮೊಬೈಲ್‌ಗೆ ಹೋಗಿದೆ. ಹಳೆಯ ಬೂಸ್ಟರ್‌ಗಳು ಆ ಮೊಬೈಲ್ ಸಿಗ್ನಲನ್ನೂ ಹಿಗ್ಗಿಸುವುದರಿಂದ, ಬೂಸ್ಟರ್ ಬೇಕೇ ಬೇಕಾದರೆ ಅದಕ್ಕಿಂತ ಮೊದಲು ಮೊಬೈಲ್ ಸಿಗ್ನಲ್ ತಡೆಯುವ ಫಿಲ್ಟರ್ ಹಾಕಿ. ಬೇಸಿಗೆಯಲ್ಲಿ ಗಾಳಿಯ ಒತ್ತಡ ಹೆಚ್ಚಿ ದೂರದ ಗೋಪುರಗಳ ಸಿಗ್ನಲ್ ನುಗ್ಗಿ ಬಂದ ದಿನಗಳಲ್ಲಿ ಮಾತ್ರ ಮರು-ಟ್ಯೂನ್ ಮಾಡಬೇಡಿ. ಚೆನ್ನಾಗಿರುವ ಪಟ್ಟಿಯೂ ಆಗ ಅಳಿಸಿಹೋಗುತ್ತದೆ, ಒಂದೆರಡು ದಿನ ಕಾಯಿರಿ.