ರಂಬುಟಾನ್ ದುಬೈಗೆ ಕಳಿಸುವ ಮೊದಲು

ಬೆಳ್ತಂಗಡಿಯ ಅಣ್ಣನ ಪ್ರಶ್ನೆ ನೋಡಿದೆ. ಎಂಬತ್ತು ರಂಬುಟಾನ್ ಮರ ಉಂಟು, ತೋಟಕ್ಕೆ ಬರುವ ವ್ಯಾಪಾರಿ ಕೇಳುವ ರೇಟು ತೀರಾ ಕಮ್ಮಿ, ದುಬೈಯಲ್ಲಿರುವ ಭಾವ ಅಲ್ಲಿನ ಅಂಗಡಿಯ ರೇಟು ಹೇಳಿ ಆಸೆ ಹುಟ್ಟಿಸಿದ್ದಾರೆ, ನಾವೇ ನೇರ ಕಳಿಸಬಹುದಾ ಅಂತ. ಕಳಿಸಬಹುದು ಮಾರಾಯ್ರೇ. ಕಾರ್ಕಳದ ಹತ್ತಿರದ ನಮ್ಮ ತೋಟದಿಂದ ನಾನು ಎರಡು ಸೀಸನ್ ಕಳಿಸಿದ್ದೇನೆ. ಆದರೆ ಭಾವ ಹೇಳಿದ ರೇಟನ್ನು ಮೊದಲು ತಲೆಯಿಂದ ತೆಗೆಯಿರಿ. ಅದು ಅಂಗಡಿಯವರು ಗಿರಾಕಿಗೆ ಮಾರುವ ರೇಟು. ವಿಮಾನದ ಬಾಡಿಗೆ, ಅಲ್ಲಿ ತರಿಸಿಕೊಳ್ಳುವವರ ಲಾಭ, ಅಂಗಡಿಯಲ್ಲಿ ಕಪ್ಪಾಗಿ ಎಸೆದ ಹಣ್ಣು ಎಲ್ಲ ಅದರೊಳಗೇ ಉಂಟು.

ಕಾಗದಪತ್ರಕ್ಕೆ ಹೆದರಬೇಡಿ. ರಫ್ತು ಮಾಡುವವರಿಗೆ ಬೇಕಾದ ಐಇಸಿ ನಂಬರ್ ಕೇಂದ್ರದ ವಿದೇಶ ವ್ಯಾಪಾರ ಕಚೇರಿ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ 500 ರೂಪಾಯಿಗೆ ಆಗುತ್ತದೆ, ಪಾನ್ ಕಾರ್ಡು, ಬ್ಯಾಂಕ್ ಖಾತೆ ಇದ್ದರೆ ಮನೆಯಲ್ಲೇ ಕುಳಿತು ಮಾಡಬಹುದು. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಬೇಕು, ನಮ್ಮ ಹಣ್ಣು ಬರುವುದು ಅದರ ಬೆನ್ನಿಗೇ, ಮರೆತರೆ ಕಷ್ಟ. ಆಮೇಲೆ ಕೃಷಿ ರಫ್ತು ನೋಡಿಕೊಳ್ಳುವ ಸರಕಾರಿ ಸಂಸ್ಥೆ ಅಪೆಡಾದಲ್ಲಿ ನೋಂದಣಿ, ಕಸ್ಟಮ್ಸಿಗೆ ಕೊಡಲು ಬ್ಯಾಂಕಿನಿಂದ ಎಡಿ ಕೋಡ್ ಎಂಬ ನಂಬರ್. ಕೀಟ ರೋಗ ಇಲ್ಲ ಎಂಬ ಫೈಟೋಸ್ಯಾನಿಟರಿ ಸರ್ಟಿಫಿಕೇಟಿಗೆ ಮಂಗಳೂರಿನಲ್ಲೇ ಕ್ವಾರಂಟೈನ್ ಸ್ಟೇಷನ್ ಉಂಟು. ಕಸ್ಟಮ್ಸ್ ಕೆಲಸವನ್ನು ಅದಕ್ಕೆಂದೇ ಲೈಸೆನ್ಸ್ ಇರುವ ಸಿಎಚ್‌ಎ ಏಜೆಂಟರಿಗೆ ಕೊಡಿ, ಸುಮ್ನೆ ನೀವೇ ಓಡಾಡಬೇಡಿ.

ಕಷ್ಟ ಇರುವುದು ಹಣ್ಣಿನಲ್ಲಿ. ರಂಬುಟಾನ್ ಮಾವಿನ ಹಾಗಲ್ಲ, ಕೊಯ್ದ ಮೇಲೆ ಹಣ್ಣಾಗುವುದಿಲ್ಲ. ಪೂರ್ತಿ ಬಣ್ಣ ಬಂದ ಮೇಲೆಯೇ ಕೊಯ್ಯಬೇಕು. ಕೊಯ್ದ ಗಂಟೆಯಿಂದಲೇ ಸಿಪ್ಪೆಯ ಮೇಲಿನ ಆ ಕೂದಲಿನಿಂದ ನೀರು ಆರುತ್ತಾ ಹೋಗುತ್ತದೆ, ಮೊದಲು ತುದಿ ಕಪ್ಪಾಗುತ್ತದೆ, ಎರಡು ಮೂರು ದಿನದಲ್ಲಿ ಇಡೀ ಸಿಪ್ಪೆ ಕಂದು. ಒಳಗಿನ ತಿರುಳು ಚೆನ್ನಾಗಿಯೇ ಇರುತ್ತದೆ, ಆದರೆ ಗಿರಾಕಿ ಕೊಳ್ಳುವುದು ಹೊರಗಿನ ಕೆಂಪು ನೋಡಿ ಅಲ್ವಾ? 10ರಿಂದ 12 ಡಿಗ್ರಿಯಲ್ಲಿ, ಗಾಳಿಯಲ್ಲಿ ತೇವ ಜಾಸ್ತಿ ಇರುವಲ್ಲಿ ಇಟ್ಟರೆ ಹತ್ತು ಹನ್ನೆರಡು ದಿನ ಬಣ್ಣ ನಿಲ್ಲುತ್ತದೆ. ತಣ್ಣಗಿದ್ದಷ್ಟೂ ಒಳ್ಳೆಯದು ಅಂತ ಮನೆಯ ಫ್ರಿಜ್ಜಿನಲ್ಲಿ ಇಡಬೇಡಿ, ಆ ಚಳಿಗೆ ಸಿಪ್ಪೆ ಬೇಗ ಕಪ್ಪಾಗುತ್ತದೆ.

ನನ್ನ ಎರಡನೇ ವರ್ಷದ ಕಥೆ ಹೇಳುತ್ತೇನೆ. ಜುಲೈ ತಿಂಗಳು, ಮೂರು ದಿನ ಬಿಡದೆ ಮಳೆ. ವಿಮಾನಕ್ಕೆ ಬುಕ್ಕಿಂಗ್ ಆಗಿತ್ತು, ಹಾಗಾಗಿ ಮಳೆಯಲ್ಲೇ ಕೊಯ್ದೆವು. ಬಟ್ಟೆಯ ಮೇಲೆ ಹರಡಿ ಫ್ಯಾನ್ ಹಾಕಿದೆವು, ಆದರೆ ತೊಟ್ಟಿನ ಬುಡದಲ್ಲಿ ನೀರು ಹಾಗೇ ಉಳಿದಿತ್ತು. ನಲವತ್ತು ಬಾಕ್ಸ್ ಹೋಯಿತು. ಮೂರನೇ ದಿನ ವಾಟ್ಸಾಪಿನಲ್ಲಿ ಫೋಟೋ ಬಂತು. ಬಾಕ್ಸಿನ ತಳ ನೆನೆದ ರೊಟ್ಟಿಯ ಹಾಗೆ ಕುಸಿದಿತ್ತು, ಹಣ್ಣಿನ ಮೇಲೆ ಬಿಳಿ ಬೂಸ್ಟು. ಅಲ್ಲಿ ತರಿಸಿಕೊಳ್ಳುವವರ ಜೊತೆ ನಮ್ಮ ಒಪ್ಪಂದ ಮಾರಿದ ಮೇಲೆ ದುಡ್ಡು ಎಂಬುದಾಗಿತ್ತು, ಹಾಗಾಗಿ ಅವರು ಡ್ಯಾಮೇಜ್ ಕಳೆದು ಕೊಟ್ಟಷ್ಟೇ ನನಗೆ ಬಂದದ್ದು, ವಿಮಾನದ ಬಾಡಿಗೆಯೂ ಹುಟ್ಟಲಿಲ್ಲ. ಆವತ್ತು ಬಿಸಿಲು ಬರುವವರೆಗೆ ಕಾದು ಬುಕ್ಕಿಂಗ್ ಬಿಟ್ಟಿದ್ದರೆ ನಷ್ಟ ಎಷ್ಟೋ ಕಮ್ಮಿಯಾಗುತ್ತಿತ್ತು. ಹೊಸ ಗಿರಾಕಿ ಆದರೆ ಅರ್ಧ ದುಡ್ಡಾದರೂ ಮುಂಗಡ ತೆಗೆದುಕೊಳ್ಳಿ. ಕೊಡುವುದಿಲ್ಲ ಎಂದರೆ ಬಿಡಿ.

ಬಾಡಿಗೆಯ ಲೆಕ್ಕ ಕೂಡ ಬರೆದಿಟ್ಟುಕೊಳ್ಳಿ. ವಿಮಾನದವರು ತೂಕ ಮಾತ್ರ ನೋಡುವುದಿಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ, ಅದು ಮತ್ತು ನಿಜವಾದ ತೂಕ, ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. 40, 30, 20ರ ಬಾಕ್ಸ್ ಅಂದರೆ 4 ಕೆಜಿ. ನನ್ನ ಮೊದಲ ವರ್ಷದ ಬಾಕ್ಸಿನಲ್ಲಿ ಸಣ್ಣ ಪ್ಲಾಸ್ಟಿಕ್ ಡಬ್ಬಿ ಜೋಡಿಸಿ ಹಿಡಿದ ಹಣ್ಣು 3 ಕೆಜಿ. ಖಾಲಿ ಜಾಗಕ್ಕೂ ಬಾಡಿಗೆ ಕೊಟ್ಟೆ. ಡಬ್ಬಿ ಆರಿಸಿದ ಮೇಲೆ ಬಾಕ್ಸ್ ಮಾಡಿಸಿ, ಮೊದಲು ಬಾಕ್ಸ್ ಅಲ್ಲ.

ಗೊಂಚಲು ಆರಿಸುವಾಗ ಕೂದಲಿನ ಬುಡ ಬಿಡಿಸಿ ನೋಡಿ. ಅಲ್ಲಿ ಬಿಳಿ ಹಿಟ್ಟು ಮೆತ್ತಿದ ಹಾಗೆ ಕಾಣುವ ಕೀಟ, ಹಿಟ್ಟು ತಿಗಣೆ ಇದ್ದರೆ ತಪಾಸಣೆಯಲ್ಲಿ ನಿಲ್ಲುತ್ತದೆ. ಇರುವೆ ಓಡಾಡುವ ಗೊಂಚಲನ್ನು ಎರಡು ಸಲ ನೋಡಿ, ಇರುವೆ ಇದ್ದಲ್ಲಿ ತಿಗಣೆ ಇರುವುದೇ ಜಾಸ್ತಿ. ಬಾವಲಿ ಕಚ್ಚಿದ್ದು ಒಂದೂ ಬಾಕ್ಸಿಗೆ ಬೀಳಬಾರದು, ತಿನ್ನುವವರ ಆರೋಗ್ಯದ ವಿಷಯ ಅದು. 2018ರಲ್ಲಿ ಕೇರಳದಲ್ಲಿ ಬಾವಲಿಯಿಂದ ಹರಡುವ ನಿಪಾ ರೋಗ ಬಂದಾಗ ಯುಎಇ, ಕುವೈತ್ ಎಲ್ಲ ಅಲ್ಲಿನ ಹಣ್ಣು ತರಕಾರಿಯನ್ನೇ ನಿಲ್ಲಿಸಿಬಿಟ್ಟವು. ಮರಕ್ಕೆ ಬಲೆ ಹಾಕಿ.

ಕೆಳಗೆ ಇನ್ನೊಬ್ಬರು ಅಮೆರಿಕ, ಜಪಾನಿಗೆ ಕಳಿಸಬಹುದಾ ಅಂತ ಕೇಳಿದ್ದಾರೆ. ಅಲ್ಲಿ ಪ್ರತಿ ಹಣ್ಣಿಗೂ ಬೇರೆ ಬೇರೆ ಒಪ್ಪಿಗೆ ಬೇಕು. ನಮ್ಮ ಮಾವಿಗೇ ಅಮೆರಿಕ 2007ರಲ್ಲಿ ಬಾಗಿಲು ತೆರೆದದ್ದು, ಅದೂ ವಿಕಿರಣ ಹಾಯಿಸಿ ಕಳಿಸಬೇಕು. ಹಣ್ಣಿನ ನೊಣ ಸಿಕ್ಕಿತು ಅಂತ 2014ರಲ್ಲಿ ಯುರೋಪ್ ನಮ್ಮ ಮಾವನ್ನು ತಿಂಗಳುಗಟ್ಟಲೆ ನಿಲ್ಲಿಸಿತ್ತು. ನಮಗೆ ಸದ್ಯಕ್ಕೆ ಗಲ್ಫೇ ಸರಿ, ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಮೂರು ನಾಲ್ಕು ಗಂಟೆಯ ಹಾರಾಟ.

ಅಣ್ಣ, ಎಂಬತ್ತು ಮರಕ್ಕೆ ಒಬ್ಬರೇ ಹೊರಡಬೇಡಿ. ಈ ವರ್ಷ ಈಗಾಗಲೇ ಕಳಿಸುತ್ತಿರುವ ಒಬ್ಬರಿಗೆ ಗ್ರೇಡ್ ಮಾಡಿ ಹಣ್ಣು ಕೊಡಿ, ಅವರ ಪ್ಯಾಕಿಂಗಿನಲ್ಲಿ ನಿಂತು ನೋಡಿ. ಜೊತೆಗೆ ಒಂದು ಬಾಕ್ಸ್ ತುಂಬಿಸಿ ಪರಿಚಯದ ತರಕಾರಿ ಹೋಲ್‌ಸೇಲಿನವರ ಕೋಲ್ಡ್ ರೂಮಿನಲ್ಲಿ 12 ಡಿಗ್ರಿಯಲ್ಲಿ ಐದು ದಿನ ಇಡಿ, ಆರನೇ ದಿನ ತೆರೆದು ಇಲ್ಲಿ ಫೋಟೋ ಹಾಕಿ. ಬೀಜದ ಗಿಡವಾ, ಎನ್ 18 ತಳಿಯ ಕಸಿಯಾ ಅಂತಲೂ ಬರೆಯಿರಿ. ಬೀಜದ್ದಾದರೆ ಮರಕ್ಕೊಂದು ಬಣ್ಣ, ಗಾತ್ರ ಬರುತ್ತದೆ, ಆಗ ಯಾವ ಮರದ್ದು ಕಳಿಸಬಹುದು ಅಂತ ಕೊಯ್ಲಿಗೆ ಮೊದಲೇ ಗುರುತು ಹಾಕಬೇಕಾಗುತ್ತದೆ.