ಅಕ್ಕೋರ ನೆನಪಿನ ಪುಸ್ತಕವನ್ನು ಹೇಗೆ ಬರೆಯಬೇಕು?

ಪ್ರಶ್ನೆ: ನಮ್ಮ ಅಜ್ಜಿ 91 ವರ್ಷ ಬಾಳಿ ಕಳೆದ ವರ್ಷ ತೀರಿಕೊಂಡರು. ಕೊಪ್ಪಳದಲ್ಲಿ ಮಹಿಳಾ ಮಂಡಳವೊಂದು ನಡೆಸುತ್ತಿದ್ದ ಶಿಶುವಿಹಾರದಲ್ಲಿ 1958ರಿಂದ 34 ವರ್ಷ ಕಲಿಸಿದ ಅವರನ್ನು ಓಣಿಯವರೆಲ್ಲ ‘ಅಕ್ಕೋರು’ ಎಂದೇ ಕರೆಯುತ್ತಿದ್ದರು. ವರ್ಷದ ಪುಣ್ಯಸ್ಮರಣೆಗೆ ಚಿಕ್ಕದೊಂದು ಪುಸ್ತಕ ಅಚ್ಚು ಹಾಕಿಸಲು ನಿಶ್ಚಯಿಸಿದ್ದೇವೆ. ದೊಡ್ಡಪ್ಪನವರು ಬರೆದ ಕರಡನ್ನು ಈ ಪತ್ರದೊಂದಿಗೆ ಕಳುಹಿಸಿದ್ದೇನೆ; ಅದರ ತುಂಬ ‘ತ್ಯಾಗಮಯಿ’, ‘ಕರುಣಾಮಯಿ’ ಎಂಬ ಮಾತುಗಳೇ ಇದ್ದು, ಓದಿದವರಿಗೆ ಅದು ಯಾರ ಅಜ್ಜಿಯಾದರೂ ಆದೀತು. ಅವರ ಟ್ರಂಕಿನಲ್ಲಿ ಹಳೆಯ ಹಾಜರಿ ಪುಸ್ತಕಗಳು, ಒಂದು ಚೀಲ ಹುಣಸೆ ಬೀಜ ಮತ್ತು ಬಣ್ಣ ಹಾರಿದ ಕಿನ್ನಾಳದ ಮರದ ಗೊಂಬೆ ಗಿಳಿಯೊಂದು ಸಿಕ್ಕಿವೆ. ಈ ನಡುವೆ ಸೋದರತ್ತೆಯವರು, ‘ನಿಮಗೆ ಅಜ್ಜಿಯಾಗಿ ಸಿಕ್ಕವರು ನನಗೆ ತಾಯಿಯಾಗಿ ಸಿಗಲಿಲ್ಲ, ನಾನೇನೂ ಬರೆಯುವುದಿಲ್ಲ’ ಎಂದುಬಿಟ್ಟಿದ್ದಾರೆ. ದಾರಿ ತೋರಿಸಿ.
– ಓದುಗರೊಬ್ಬರು, ಕೊಪ್ಪಳ

ಉತ್ತರ: ಹೈಸ್ಕೂಲಿನಲ್ಲಿ ಕಲಿಸಿದವರ ಬಗ್ಗೆ ಪುಸ್ತಕ ಮಾಡುವುದು ಸುಲಭ, ಏಕೆಂದರೆ ಅವರ ಶಿಷ್ಯರು ತಾವಾಗಿಯೇ ಬಂದು ನಾಲ್ಕು ಪುಟ ಬರೆದುಕೊಡುತ್ತಾರೆ. ನಿಮ್ಮ ಅಜ್ಜಿಯವರ ಶಿಷ್ಯರಿಗೆ ಅದು ಸಾಧ್ಯವಿಲ್ಲ. ಸಾಮಾನ್ಯವಾಗಿ ಮನುಷ್ಯನ ಅತಿ ಹಳೆಯ ನೆನಪು ಮೂರು, ಮೂರೂವರೆ ವರ್ಷದ ವಯಸ್ಸಿನದು. ಅದರ ಮುಂದಿನ ಎರಡು ಮೂರು ವರ್ಷಗಳದ್ದೂ ತುಣುಕು ತುಣುಕಾಗಿಯೇ ಉಳಿದಿರುತ್ತದೆ. ಆದ್ದರಿಂದ ಬಳಪ ಹಿಡಿಯುವುದನ್ನು, ಕೈ ತೊಳೆದು ಸಾಲಾಗಿ ಕೂಡುವುದನ್ನು, ಪಕ್ಕದ ಮಗುವಿನೊಡನೆ ಮಂಡಾಳು ಹಂಚಿಕೊಳ್ಳುವುದನ್ನು ಯಾರು ಕಲಿಸಿದರೋ ಅವರ ಮುಖವೇ ಮರೆತುಹೋಗಿ, ಕಲಿತದ್ದು ಮಾತ್ರ ಮೈಯಲ್ಲಿ ನಿಂತಿರುತ್ತದೆ. ಆ ಮಕ್ಕಳನ್ನು ಹುಡುಕಿ ಕೇಳಿ ನಿರಾಶರಾಗುವುದಕ್ಕಿಂತ, ಅವರನ್ನು ಕಂಕುಳಲ್ಲಿ ಎತ್ತಿಕೊಂಡು ಶಿಶುವಿಹಾರಕ್ಕೆ ಬಿಟ್ಟುಬರುತ್ತಿದ್ದ ತಾಯಂದಿರನ್ನೂ ಹಿರಿಯ ಅಕ್ಕಂದಿರನ್ನೂ ಕೇಳಿರಿ. ‘ನಮ್ಮ ಅಜ್ಜಿ ಹೇಗಿದ್ದರು?’ ಎಂದರೆ ‘ದೇವರಂಥವರು’ ಎಂಬ ಉತ್ತರವಲ್ಲದೆ ಬೇರೇನೂ ಬರುವುದಿಲ್ಲ. ಮೊದಲ ದಿನ ಸೆರಗು ಬಿಡದೆ ಅಳುವ ಕೂಸನ್ನು ಅಕ್ಕೋರು ಏನು ಮಾಡಿ ಒಳಗೆ ಕರೆದೊಯ್ಯುತ್ತಿದ್ದರು, ಚಡ್ಡಿ ಒದ್ದೆ ಮಾಡಿಕೊಂಡ ಮಗುವಿಗೆ ಏನು ಉಡಿಸುತ್ತಿದ್ದರು, ಯಾವುದಕ್ಕೆ ಬಯ್ಯುತ್ತಿದ್ದರು ಎಂದು ಕೇಳಿದರೆ ನೆನಪುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ.

ನಿಮ್ಮ ಪತ್ರದಲ್ಲಿ ನನ್ನನ್ನು ಬಹುವಾಗಿ ಹಿಡಿದದ್ದು ಹಾಜರಿ ಪುಸ್ತಕ. ಅದನ್ನು ಬರಿಯ ಹೆಸರುಗಳ ಪಟ್ಟಿಯೆಂದು ಬದಿಗಿಡಬೇಡಿರಿ. ಯಾವ ತಿಂಗಳಲ್ಲಿ ಮಕ್ಕಳು ಕಡಿಮೆಯಾಗಿದ್ದಾರೆ ಎಂಬುದನ್ನು ಒಂದೊಂದೇ ಪುಟ ತಿರುವಿ ನೋಡಿರಿ. ಹತ್ತಿ ಬಿಡಿಸುವ ಕಾಲ, ಹಿಂಗಾರಿ ಜೋಳದ ಸುಗ್ಗಿ, ಗವಿಮಠದ ಜಾತ್ರೆ, ದಡಾರ ಎದ್ದ ಬೇಸಿಗೆ, ಹೀಗೆ ಊರಿನ ವರ್ಷವೆಲ್ಲ ಆ ಗೈರುಹಾಜರಿಯ ಗುರುತುಗಳಲ್ಲಿ ಕಾಣಿಸುವ ಸಂಭವವಿದೆ. ಅಂಚಿನಲ್ಲಿ ಅಜ್ಜಿಯವರ ಕೈಬರಹದ ಒಂದು ಸಾಲಿದ್ದರೂ ಅದನ್ನು ಇದ್ದ ಹಾಗೆಯೇ ಅಚ್ಚು ಮಾಡಿಸಿರಿ. ದೊಡ್ಡಪ್ಪನವರ ಹತ್ತು ವಿಶೇಷಣಗಳಿಗಿಂತ ಅದು ಹೆಚ್ಚು ಹೇಳುತ್ತದೆ. ಮಕ್ಕಳ ಹೆಸರುಗಳನ್ನು ಮಾತ್ರ ಮುಚ್ಚಿರಿ, ಅವರು ಈಗ ಮೊಮ್ಮಕ್ಕಳನ್ನು ಕಂಡವರಾಗಿರಬಹುದು.

ಹುಣಸೆ ಬೀಜ ಎಣಿಕೆ ಕಲಿಸಲು ಇದ್ದದ್ದೆಂದು ಊಹಿಸುತ್ತೇನೆ, ಆದರೆ ಊಹೆಯನ್ನು ಅಚ್ಚು ಹಾಕಿಸಬಾರದು. ಚೌಕಾಬಾರದ ಕವಡೆಗೆ ಬದಲಾಗಿ ನಿಮ್ಮ ಜೊತೆ ಆಡಲು ಇಟ್ಟುಕೊಂಡದ್ದೂ ಇರಬಹುದು, ಮನೆಯಲ್ಲಿ ವಿಚಾರಿಸಿರಿ. ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಜೋಡಿಸುವುದು ಹುಣಸೆ ಬೀಜದ ಅಂಟಿನಿಂದಲೇ. ಆ ಗಿಳಿಯೂ ಈ ಚೀಲವೂ ಒಂದೇ ಟ್ರಂಕಿನಲ್ಲಿ ಇಷ್ಟು ವರ್ಷ ಒಟ್ಟಿಗಿದ್ದುದು ನನಗೆ ಸುಮ್ಮನೆ ಸಂತೋಷ ಕೊಟ್ಟಿತು.

ಇನ್ನು ಕರಡಿನಲ್ಲಿರುವ ತಪ್ಪುಗಳು. ಅಜ್ಜಿಯವರು ‘ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ’ ಹುಟ್ಟಿದರೆಂದು ದೊಡ್ಡಪ್ಪನವರು ಬರೆದಿದ್ದಾರೆ. ಅವರು ಹುಟ್ಟಿದಾಗ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಭಾಗ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದದ್ದು 1973ರಲ್ಲಿ, ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಇದನ್ನು ಸರಿಯಾಗಿ ಬರೆದರೆ ಇನ್ನೊಂದು ಬಾಗಿಲೂ ತೆರೆಯುತ್ತದೆ. ಆಡಳಿತವೂ ಮೇಲಿನ ತರಗತಿಗಳ ಪಾಠವೂ ಉರ್ದುವಿನಲ್ಲಿ ನಡೆಯುತ್ತಿದ್ದ ಸಂಸ್ಥಾನದಲ್ಲಿ ಬೆಳೆದ ಹುಡುಗಿಯೊಬ್ಬಳು ಕನ್ನಡದ ಅಕ್ಷರಗಳನ್ನು ಎಲ್ಲಿ, ಯಾರಿಂದ ಕಲಿತಳು? 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರುವ ಮೊದಲು, ನಿಜಾಮರ ಪರವಾದ ಸಶಸ್ತ್ರ ಪಡೆಯಾದ ರಜಾಕಾರರ ಹಾವಳಿಗೆ ಹೆದರಿ ಎಷ್ಟೋ ಕುಟುಂಬಗಳು ಗಡಿಯಾಚೆಗೆ ಹೋಗಿದ್ದವು. ಅಳವಂಡಿ ಶಿವಮೂರ್ತಿ ಸ್ವಾಮಿಯವರ ಮುಂದಾಳತನದಲ್ಲಿ ವಿಮೋಚನಾ ಹೋರಾಟಗಾರರ ಮುಂಡರಗಿ ಶಿಬಿರ ನಡೆದದ್ದು ಆಗಲೇ. ಆಗ ನಿಮ್ಮ ಅಜ್ಜಿಗೆ ಹದಿನಾಲ್ಕರ ಆಸುಪಾಸು. ಆ ತಿಂಗಳುಗಳನ್ನು ಅವರು ಎಲ್ಲಿ ಕಳೆದರೆಂಬುದನ್ನು ಬದುಕಿರುವ ಓರಗೆಯವರಿಂದ ಈಗಲೇ ಕೇಳಿ ಬರೆದುಕೊಳ್ಳಿರಿ.

‘1958ರಲ್ಲಿ ಅಂಗನವಾಡಿ ಶಿಕ್ಷಕಿಯಾದರು’ ಎಂಬ ವಾಕ್ಯವನ್ನೂ ತಿದ್ದಬೇಕು. ಸರಕಾರದ ಅಂಗನವಾಡಿಗಳಿಗೆ ಮೂಲವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ನಿಮ್ಮ ಅಜ್ಜಿ ಕಲಿಸಿದ್ದು ಶಿಶುವಿಹಾರದಲ್ಲಿ, ಹಾಗೆಂದೇ ಬರೆಯಿರಿ. ‘ಮಾಂಟೆಸ್ಸೊರಿ ಪದ್ಧತಿಯಲ್ಲಿ ಪರಿಣತರು’ ಎಂಬುದಕ್ಕೆ ತರಬೇತಿಯ ಪ್ರಮಾಣಪತ್ರವಿದ್ದರೆ ಉಳಿಸಿರಿ, ಇಲ್ಲದಿದ್ದರೆ ತೆಗೆಯಿರಿ. ಜನ್ಮದಿನ ಜೂನ್ 1 ಎಂದಿದೆ. ನಮ್ಮಲ್ಲಿ ಆ ತಲೆಮಾರಿನ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ! ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದುಕೊಂಡ ದಿನವದು. ವರ್ಷವನ್ನಷ್ಟೇ ಕೊಟ್ಟರೆ ಸಾಕು.

ಸೋದರತ್ತೆಯವರ ಮಾತು ಇವೆಲ್ಲಕ್ಕಿಂತ ದೊಡ್ಡದು. ಬೆಳಿಗ್ಗೆ ನಲವತ್ತು ಮಕ್ಕಳ ಮೂಗು ಒರೆಸಲು ಹೋಗುತ್ತಿದ್ದ ತಾಯಿ ಸಂಜೆ ಮನೆಗೆ ಬರುವಾಗ ತನ್ನ ಮಗಳ ಪಾಲಿಗೆ ಎಷ್ಟು ಉಳಿದಿರುತ್ತಿದ್ದಳೆಂಬುದು ಆ ಮಗಳಿಗೇ ಗೊತ್ತು. ನಿವೃತ್ತಿಯ ನಂತರ ಬಿಡುವು ಸಿಕ್ಕಾಗ ಆ ಅಕ್ಕರೆಯೆಲ್ಲ ನಿಮಗೆ, ಮೊಮ್ಮಕ್ಕಳಿಗೆ ಹರಿಯಿತು. ಕಥೆ ಹೇಳಿ ಮಲಗಿಸಿದ್ದು, ಜಡೆ ಹಾಕಿದ್ದು, ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಕಾದದ್ದು ಎಂದು ನೀವು ಪ್ರೀತಿಯಿಂದ ಬರೆಯುವ ಒಂದೊಂದು ಸಾಲೂ ಅವರಿಗೆ ತಮಗೆ ಸಿಗದೆ ಹೋದದ್ದರ ಲೆಕ್ಕದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಅವರನ್ನು ಒತ್ತಾಯಿಸಬೇಡಿರಿ, ‘ಹೋದವರ ಬಗ್ಗೆ ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸಲೂಬೇಡಿರಿ. ಅಚ್ಚಿಗೆ ಕೊಡುವ ಮೊದಲು ಕರಡನ್ನು ಅವರಿಗೇ ಮೊದಲು ತೋರಿಸಿ, ಅವರು ಒಪ್ಪಿದರೆ ನನಗೆ ಬರೆದ ಆ ಒಂದೇ ವಾಕ್ಯವನ್ನು ಅವರ ಹೆಸರಿನಲ್ಲಿ ಒಂದು ಪುಟದಲ್ಲಿ ಹಾಕಿರಿ. ಒಪ್ಪದಿದ್ದರೆ ಅದು ಮನೆಯೊಳಗೇ ಇರಲಿ. ದೊಡ್ಡಪ್ಪನವರು ಅದರಿಂದ ಅಕ್ಕೋರ ಹೆಸರಿಗೆ ಕುಂದೆಂದಾರು, ನನಗೆ ಹಾಗನ್ನಿಸುವುದಿಲ್ಲ.

ಪುಸ್ತಕ ಮೂವತ್ತೆರಡು ಪುಟ ಮೀರದಿರಲಿ. ಸನ್ಮಾನದ ಶಾಲು ಹೊದ್ದ ಫೋಟೊ ಒಂದೇ ಸಾಕು. ಕೊನೆಯ ನಾಲ್ಕು ಪುಟಗಳನ್ನು ಗೆರೆ ಹಾಕಿಸಿ ಖಾಲಿ ಬಿಡಿಸಿರಿ. ಪುಣ್ಯಸ್ಮರಣೆಯ ದಿನ ಊಟಕ್ಕೆ ಬಂದ ಓಣಿಯ ಹಿರಿಯ ಹೆಂಗಸರ ಪಕ್ಕದಲ್ಲಿ ಮೊಮ್ಮಕ್ಕಳು ಪೆನ್ನು ಹಿಡಿದು ಕುಳಿತು, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲಿ.