ಇಷ್ಟು ವರ್ಷ ಆಡಿದ ಹುಡುಗನಿಗೆ ಈಗ ಓಡೋದು ಏನ್ ಕಲಿಸ್ತಾರೆ?

ಪ್ರಶ್ನೆ ಹೀಗಿತ್ತು: "ನಮ್ಮಕ್ಕನ ಮಗ ಅಮೆರಿಕದಲ್ಲೇ ಹುಟ್ಟಿ ಬೆಳೆದವನು, ಅಲ್ಲಿ ಕಾಲೇಜ್ ಫುಟ್ಬಾಲ್ ಆಡ್ತಾನೆ, ಲೈನ್‌ಮನ್ ಅಂತೆ, ಎದುರಾಳಿಗಳನ್ನ ತಡೆಯೋ ಜಾಗ. ಡಿಗ್ರಿ ಒಂದು ಸೆಮಿಸ್ಟರ್ ಬಾಕಿ ಇರೋವಾಗ್ಲೇ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ ತಯಾರಿ ಅಂತ ಫ್ಲೋರಿಡಾದಲ್ಲಿ ಹೋಗಿ ಕೂತಿದಾನೆ. ಮೂರು ತಿಂಗಳು ಓಡೋದು ಕಲಿಸ್ತಾರಂತೆ. ಇದು ನಿಜವಾ, ಅಥವಾ ಯಾರಾದ್ರೂ ದುಡ್ಡು ಹೊಡೀತಿದಾರಾ?"

ನಿಜ ಸರ್. ಡ್ರಾಫ್ಟ್ ಅಂದ್ರೆ ಅಮೆರಿಕನ್ ಫುಟ್ಬಾಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಟೀಮುಗಳು ವರ್ಷಕ್ಕೊಮ್ಮೆ ಕಾಲೇಜ್ ಹುಡುಗರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋದು. ಯಾರೂ ದುಡ್ಡು ಹೊಡೀತಿಲ್ಲ, ಸಾಮಾನ್ಯವಾಗಿ ಆ ಟ್ರೇನಿಂಗ್ ಖರ್ಚು ಹುಡುಗನ ಪರವಾಗಿ ಟೀಮುಗಳ ಜೊತೆ ಕಾಂಟ್ರ್ಯಾಕ್ಟ್ ಮಾತಾಡೋ ಏಜೆಂಟೇ ಹಾಕೋದು.

ನಾನು ಆಟಗಾರ ಅಲ್ಲ, ಮೊದಲೇ ಹೇಳ್ಬಿಡ್ತೀನಿ. ದಾವಣಗೆರೆಯವನು, ಸ್ಟ್ಯಾಟಿಸ್ಟಿಕ್ಸ್ ಪಿಎಚ್‌ಡಿ ಅಂತ ಇಲ್ಲಿ ಮಿಡ್‌ವೆಸ್ಟ್‌ಗೆ ಬಂದೆ, ಟಿಎ (ಟೀಚಿಂಗ್ ಅಸಿಸ್ಟೆಂಟ್) ಕೆಲಸ ಸಿಗದೇ ಇದ್ದ ಎರಡು ವರ್ಷ ಕಾಲೇಜಿನ ಆಟಗಾರರಿಗೆ ಲೆಕ್ಕ ಹೇಳ್ಕೊಡೋ ಟ್ಯೂಟರ್ ಆಗಿದ್ದೆ. ಅದ್ರಲ್ಲಿ ಒಬ್ಬ ಲೈನ್‌ಮನ್ ಇದ್ದ, ಹೆಸರು ಬೇಡ, 140 ಕೆಜಿ, ಕುರ್ಚಿ ಮೇಲೆ ಕೂತ್ರೆ ಕುರ್ಚಿ ಮೇಲೆ ಕನಿಕರ ಬರೋದು. ಆದ್ರೆ ಎಂಥಾ ಸಾಧು ಹುಡುಗ ಅಂದ್ರೆ ಲೆಕ್ಕ ತಪ್ಪಾದ್ರೆ ನನ್ನ ಹತ್ರ ಸಾರಿ ಕೇಳೋನು. ಅವನು 2019ರ ಡ್ರಾಫ್ಟ್‌ಗೆ ತಯಾರಿ ಮಾಡಿದ್ದನ್ನ ಪಕ್ಕದಲ್ಲೇ ಇದ್ದು ನೋಡಿದೀನಿ, ಅಷ್ಟೇ ನನ್ನ ಅರ್ಹತೆ.

ಈಗ ಓಡೋ ವಿಷಯ. ನಮ್ಮೂರಲ್ಲಿ ಪಿಯುಸಿ ಪರೀಕ್ಷೆ ಮುಗಿಸಿದ ಹುಡುಗರು ಮಾರನೇ ದಿನವೇ ಸಿಇಟಿ ಕ್ರ್ಯಾಶ್ ಕೋರ್ಸ್‌ಗೆ ಹೋಗ್ತಾರಲ್ಲ, ಎರಡು ವರ್ಷ ಓದಿದ್ದೇ ಫಿಸಿಕ್ಸು ಆದ್ರೂ ಅಲ್ಲಿ ಕಲಿಸೋದು ಫಿಸಿಕ್ಸ್ ಅಲ್ಲ, ಒಂದು ಪ್ರಶ್ನೆ ಒಂದು ನಿಮಿಷದಲ್ಲಿ ಹೊಡೆಯೋದು ಹೇಗೆ ಅಂತ, ಇದೂ ಹಂಗೇ. ಅವನ ಆಟ ಎಲ್ಲಾ ಆಗ್ಲೇ ವಿಡಿಯೋದಲ್ಲಿದೆ, ಅದನ್ನ 32 ಟೀಮಿನ ಸ್ಕೌಟ್‌ಗಳೂ, ಅಂದ್ರೆ ಆಟಗಾರರನ್ನ ಹುಡುಕೋರೂ, ನೋಡ್ಬಹುದು, ಜನವರಿ ಆದ್ಮೇಲೆ ಅದನ್ನ ತಿದ್ದೋಕಾಗಲ್ಲ. ತಿದ್ದೋಕೆ ಉಳಿದಿರೋದು ಅಳತೆ ಒಂದೇ.

ಫೆಬ್ರವರಿ ಕೊನೇಲಿ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಅಂತ ಅಳತೆ ಪರೀಕ್ಷೆ ನಡೆಯುತ್ತೆ, 1987ರಿಂದ ಅದೇ ಊರು, ಸುಮಾರು 300 ಹುಡುಗರನ್ನ ಕರೀತಾರೆ. 40 ಯಾರ್ಡ್ ಓಟ, ಅಂದ್ರೆ ಮೂವತ್ತಾರೂವರೆ ಮೀಟರ್. ನಿಂತಲ್ಲಿಂದ ಎತ್ತರಕ್ಕೆ ಜಿಗಿಯೋದು, ಉದ್ದಕ್ಕೆ ಜಿಗಿಯೋದು, ಕೋನ್ ಇಟ್ಟು ತಿರುಗಿ ತಿರುಗಿ ಓಡೋದು, 102 ಕೆಜಿ ಬೆಂಚ್ ಪ್ರೆಸ್ ಎಷ್ಟು ಸಲ ಎತ್ತುತಾರೆ ಅಂತ ಎಣಿಸೋದು. ಕರೆ ಬರದೇ ಇದ್ದೋರಿಗೆ ಮಾರ್ಚ್‌ನಲ್ಲಿ ಅವರ ಕಾಲೇಜಲ್ಲೇ ಪ್ರೋ ಡೇ ಅಂತ ಇದೇ ಪರೀಕ್ಷೆ. ಲೈನ್‌ಮನ್ ಕೆಲಸ ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆ ಥರ ನಿಂತು ನುಗ್ಗೋರನ್ನ ತಡೆಯೋದು, ಮ್ಯಾಚಲ್ಲಿ ನೆಟ್ಟಗೆ 40 ಯಾರ್ಡ್ ಓಡೋ ಸಂದರ್ಭ ವರ್ಷಕ್ಕೊಮ್ಮೆ ಬಂದ್ರೆ ಹೆಚ್ಚು! ಆದ್ರೂ ಓಡಿಸ್ತಾರೆ. ಪುಣ್ಯಕ್ಕೆ ವಿಷಯ ಗೊತ್ತಿರೋ ಸ್ಕೌಟ್‌ಗಳು ಮೊದಲ 10 ಯಾರ್ಡ್ ಎಷ್ಟು ಹೊತ್ತಲ್ಲಿ ದಾಟಿದ ಅಂತಾನೇ ಹೆಚ್ಚಾಗಿ ನೋಡ್ತಾರೆ, ದೊಡ್ಡ ದೇಹ ಎಷ್ಟು ಬೇಗ ಕದಲುತ್ತೆ ಅನ್ನೋದು ಅಲ್ಲೇ ಗೊತ್ತಾಗೋದು.

ನಮ್ಮ ಹುಡುಗ ಹತ್ತು ವಾರ ಮಾಡಿದ್ದು ಏನು ಗೊತ್ತಾ, ಗೆರೆ ಹಿಂದೆ ಎಡಗಾಲು ಎಷ್ಟು ದೂರ ಇರ್ಬೇಕು, ನೆಲಕ್ಕೆ ಊರಿದ ಕೈ ಮೇಲೆ ಎಷ್ಟು ಭಾರ ಬಿಡ್ಬೇಕು, ಮೊದಲ ಹೆಜ್ಜೆ ಎಷ್ಟು ಉದ್ದ, ತಲೆ ಯಾವಾಗ ಎತ್ಬೇಕು. ದಿನಾ ಅದೇ. 5.38 ಸೆಕೆಂಡಿಂದ 5.19ಕ್ಕೆ ಇಳಿಸಿದ. ಫೋನಲ್ಲಿ ಅದನ್ನ ಹೇಳೋವಾಗ ರ್‍ಯಾಂಕ್ ಬಂದವನ ಥರ ಕುಣೀತಿದ್ದ.

ಇನ್ನು ಕೆಲವು ಅಳತೆ ಯಾವ ಕೋಚ್ ಬಂದ್ರೂ ಬದಲಾಗಲ್ಲ. ಅಂಗೈ ಅಗಲಿಸಿ ಹೆಬ್ಬೆರಳಿಂದ ಕಿರುಬೆರಳವರೆಗೆ ಅಳೀತಾರೆ, ನಮ್ಮಜ್ಜಿ ಬಟ್ಟೆ ಅಳೀತಿದ್ದ ಗೇಣು ಇದೆಯಲ್ಲ, ಸಾಕ್ಷಾತ್ ಅದೇ. 2020ರಲ್ಲಿ ಜೋ ಬರೋ ಅನ್ನೋ ಕ್ವಾರ್ಟರ್‌ಬ್ಯಾಕ್‌ದು ಗೇಣು 9 ಇಂಚು ಅಂತ ಬಂದಾಗ ಕೈ ಚಿಕ್ಕದಾಯ್ತು ಅಂತ ದೊಡ್ಡ ಚರ್ಚೆ ಆಯ್ತು, ಕೊನೆಗೆ ಆ ವರ್ಷ ಎಲ್ಲರಿಗಿಂತ ಮೊದಲು ಆರಿಸಿದ್ದು ಅವನನ್ನೇ. ಲೈನ್‌ಮನ್‌ಗೆ ಗೇಣಿಗಿಂತ ತೋಳು ಮುಖ್ಯ, ಭುಜದ ತುದಿಯಿಂದ ನಡುಬೆರಳ ತುದಿವರೆಗೆ. ಹೊರತುದಿಲಿ ನಿಲ್ಲೋ ಟ್ಯಾಕಲ್‌ಗೆ 33 ಇಂಚು ಇರ್ಬೇಕು ಅನ್ನೋದು ಒಂದು ಅಲಿಖಿತ ಗೆರೆ, ಎದುರಿನವನ ತೋಳು ಉದ್ದ ಇದ್ರೆ ಅವನ ಕೈ ನಿಮ್ಮೆದೆಗೆ ಮೊದಲು ತಾಗುತ್ತೆ ಅನ್ನೋದು ಕಾರಣ. ನಮ್ಮವನದು 32 ಕಾಲು. ಮೂರು ವರ್ಷ ಟ್ಯಾಕಲ್ ಆಗಿ ಆಡಿದವನು, ಮುಕ್ಕಾಲು ಇಂಚಿಗೆ "ಇವನು ಒಳಗಡೆ ಗಾರ್ಡ್ ಆಗಿ ಆಡ್ಬಹುದೇನೋ" ಆಗ್ಬಿಟ್ಟ. ಗಾರ್ಡ್ ಜಾಗದಲ್ಲಿ ಅವನು ಒಂದೇ ಒಂದು ಮ್ಯಾಚ್ ಆಡಿರ್ಲಿಲ್ಲ. ತಮಾಷೆ ಅಂದ್ರೆ ತೋಳು ಗಿಡ್ಡ ಇದ್ದೋರಿಗೆ ಬೆಂಚ್ ಪ್ರೆಸ್ ಸುಲಭ, ಬಾರ್ ಕಮ್ಮಿ ದೂರ ಹೋಗುತ್ತೆ ನೋಡಿ. ಅದ್ರಲ್ಲಿ ಚೆನ್ನಾಗೇ ಮಾಡ್ದ. ಆದ್ರೆ ಅದ್ರಿಂದ ಏನಾಗುತ್ತೆ, 1999ರಲ್ಲಿ ಜಸ್ಟಿನ್ ಅರ್ನೆಸ್ಟ್ ಅನ್ನೋರು ಕಂಬೈನ್‌ನಲ್ಲಿ 51 ಸಲ ಎತ್ತಿದ್ರು, ಡ್ರಾಫ್ಟ್‌ನಲ್ಲಿ ಒಂದು ಟೀಮೂ ತಗೊಳ್ಲಿಲ್ಲ. ಅದೇ ಮಾರನೇ ವರ್ಷ 5.28 ಸೆಕೆಂಡಲ್ಲಿ ಲೈನ್‌ಮನ್ ಥರ ಓಡಿದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ 199ನೇ ಆಯ್ಕೆ ಆದ್ರು, ಮುಂದೆ ಏಳು ಸೂಪರ್ ಬೌಲ್, ಅಂದ್ರೆ ಲೀಗಿನ ಫೈನಲ್, ಗೆದ್ರು.

ಅಂದ್ಹಾಗೆ ನನ್ನ ಪಾಲೂ ಸ್ವಲ್ಪ ಇತ್ತು. ಆಗ ವಂಡರ್ಲಿಕ್ ಅಂತ ಒಂದು ಪರೀಕ್ಷೆ ಇತ್ತು, 12 ನಿಮಿಷದಲ್ಲಿ 50 ಪ್ರಶ್ನೆ, ನಮ್ಮ ಬ್ಯಾಂಕ್ ಪರೀಕ್ಷೆ ರೀಸನಿಂಗ್ ಥರಾನೇ. 2022ರಲ್ಲಿ ಕಂಬೈನ್‌ನಿಂದ ತೆಗೆದ್ರು. ನಾನು ಅವನಿಗೆ ಕಲಿಸಿದ್ದು ಒಂದೇ, ಗೊತ್ತಿಲ್ದೇ ಇದ್ರೆ ಬಿಟ್ಟು ಮುಂದೆ ಹೋಗು ಅಂತ. ಕಂಬೈನ್‌ಗೆ ಕರೆ ಬರಲೇ ಇಲ್ಲ, ಅದು ಬೇರೆ ಮಾತು.

ಟ್ಯೂಟರ್‌ಗಳಿಗೆ ಒಂದು ನಿಯಮ ಇತ್ತು, ಆಟಗಾರರಿಗೆ ಒಂದು ಕಾಫಿ ಕೂಡ ಕೊಡಿಸ್ಬಾರ್ದು, ಕೊಡಿಸಿದ್ರೆ ಅವರ ಆಟಕ್ಕೇ ಕುತ್ತು. ಮನೆಗೆ ಬಂದೋರಿಗೆ ನೀರಾದ್ರೂ ಕೊಡ್ದೇ ಇರೋದು ನಮಗೆ ಆಗುತ್ತಾ ಹೇಳಿ. ಅವನ ಕೊನೇ ಕಾಲೇಜ್ ಮ್ಯಾಚ್ ಮುಗಿದ್ಮೇಲೆ, ನಾನು ಟ್ಯೂಟರ್ ಕೆಲಸ ಬಿಟ್ಮೇಲೆ, ಕರೆದು ಬೆಣ್ಣೆ ದೋಸೆ ಹಾಕಿದೆ. 14 ತಿಂದ. ಹದಿನೈದನೇದು ಹಾಕೋಕೆ ಹಿಟ್ಟಿರ್ಲಿಲ್ಲ.

ಯಾರಾದ್ರೂ ದುಡ್ಡು ಹೊಡೀತಿದಾರಾ ಅಂತ ಕೇಳಿದ್ರಲ್ಲ. ಏಜೆಂಟ್‌ಗೆ ಆಟಗಾರರ ಸಂಘದ ಸರ್ಟಿಫಿಕೇಟ್ ಇರ್ಬೇಕು, ಕಾಂಟ್ರ್ಯಾಕ್ಟ್‌ನಲ್ಲಿ ಹೆಚ್ಚಂದ್ರೆ 3 ಪರ್ಸೆಂಟ್ ತಗೋಬಹುದು. ಹುಡುಗ ಎಲ್ಲೂ ಸೇರದಿದ್ರೆ ಹಾಕಿದ ದುಡ್ಡು ಮುಳುಗ್ತು. ಹಾಗಾಗಿ ಏಜೆಂಟ್ ಖರ್ಚು ಹಾಕ್ತಿದಾನೆ ಅಂದ್ರೆ ಅವನಿಗೆ ಸ್ವಲ್ಪ ನಂಬಿಕೆ ಇದೆ ಅಂತಾನೇ. ಆದ್ರೆ ಆ ಟ್ರೇನಿಂಗ್ ದುಡ್ಡನ್ನ ಆಮೇಲೆ ವಾಪಸ್ ಕೇಳ್ತಾರಾ ಅನ್ನೋದು ಕಾಗದದಲ್ಲಿ ಏನಿದೆ ನೋಡ್ಕೊಳ್ಳಿ.

ಡಿಗ್ರಿ ವಿಷಯಕ್ಕೆ ನಿಮ್ಮಕ್ಕ ಬೈದ್ರೆ ಅದ್ರಲ್ಲಿ ಅರ್ಥ ಇದೆ, ಕಾಲೇಜಲ್ಲಿ ಆಡೋರಲ್ಲಿ ವೃತ್ತಿಗೆ ಹೋಗೋದು ನೂರಕ್ಕೆ ಇಬ್ಬರೂ ಇಲ್ಲ. ಆದ್ರೆ ಈ ಒಂದು ಸೆಮಿಸ್ಟರ್ ಜಗಳ ಈಗ ಆಡ್ಬೇಡಿ. ಕಂಬೈನ್, ಪ್ರೋ ಡೇ ಎಲ್ಲಾ ಕ್ಲಾಸ್ ನಡೆಯೋ ತಿಂಗಳಲ್ಲೇ ಬರೋದು, ಎರಡೂ ಅರ್ಧಂಬರ್ಧ ಮಾಡಿದ್ರೆ ಎರಡೂ ಹೋಗುತ್ತೆ. ಆಟ ಮುಗಿಸಿ ಬಂದು ಡಿಗ್ರಿ ಮುಗಿಸೋಕೆ ಹಲವು ಯೂನಿವರ್ಸಿಟಿಗಳಲ್ಲಿ ವ್ಯವಸ್ಥೆ ಇದೆ, ಯಾವ ಕ್ರೆಡಿಟ್ ಬಾಕಿ, ಸ್ಕಾಲರ್‌ಶಿಪ್ ಆಗ್ಲೂ ಸಿಗುತ್ತಾ ಅಂತ ಅಡ್ವೈಸರ್ ಹತ್ರ ಈಗ್ಲೇ ಬರೆಸ್ಕೊಳ್ಳೋಕೆ ಹೇಳಿ. ನಮ್ಮವನಿಗೆ ಎರಡು ಕೋರ್ಸ್ ಬಾಕಿ ಇತ್ತು, ಒಂದು ನಂದೇ ಸ್ಟ್ಯಾಟಿಸ್ಟಿಕ್ಸು, ಎರಡು ವರ್ಷ ಆದ್ಮೇಲೆ ಆನ್‌ಲೈನ್‌ನಲ್ಲಿ ಮುಗಿಸ್ದ.

ಅವನನ್ನ ಡ್ರಾಫ್ಟ್‌ನಲ್ಲಿ ಯಾರೂ ತಗೊಳ್ಲಿಲ್ಲ. ಏಳು ಸುತ್ತು, ಮೂರು ದಿನ, 250ಕ್ಕೂ ಹೆಚ್ಚು ಹೆಸರು ಕೂಗಿದ್ರು, ಇವನದಿಲ್ಲ. ಆದ್ರೆ ಅಲ್ಲಿಗೆ ಮುಗಿಯಲ್ಲ, ಇದು ನಿಮ್ಮ ಮನೆಯೋರಿಗೆ ಮುಖ್ಯವಾಗಿ ಗೊತ್ತಿರ್ಬೇಕು. ಶನಿವಾರ ಸಂಜೆ ಕೊನೇ ಹೆಸರು ಕೂಗ್ತಿದ್ದ ಹಾಗೇ ಟೀಮುಗಳು ಉಳಿದ ಹುಡುಗರಿಗೆ ನೇರವಾಗಿ ಫೋನ್ ಮಾಡೋಕೆ ಶುರು ಮಾಡ್ತವೆ, ಸಂತೆ ಮುಗಿಯೋ ಹೊತ್ತಿನ ವ್ಯಾಪಾರ ಥರ, ಕೆಲವರದು ಅರ್ಧ ಗಂಟೇಲಿ ಮುಗಿದೋಗುತ್ತೆ. ಇವನಿಗೂ ಒಂದು ಫೋನ್ ಬಂತು. 90 ಜನರ ಕ್ಯಾಂಪಿಗೆ ಹೋದ, ಆಗಸ್ಟ್ ಕೊನೇಲಿ 53ಕ್ಕೆ ಇಳಿಸೋವಾಗ ತೆಗೆದ್ರು, ಮಾರನೇ ದಿನ ಪ್ರಾಕ್ಟೀಸ್ ಸ್ಕ್ವಾಡ್‌ಗೆ, ಅಂದ್ರೆ ಟೀಮಿನ ಜೊತೆ ಅಭ್ಯಾಸ ಮಾಡೋ ಗುಂಪಿಗೆ, ಅದೇ ಟೀಮ್ ಕರೀತು. ಆಗ ಅದಕ್ಕೆ ವಾರಕ್ಕೆ 8,000 ಡಾಲರ್, 2024ರಲ್ಲಿ 12,500 ಆಗಿತ್ತು. ಕೇಳೋಕೆ ಭಾರಿ ಅನ್ಸುತ್ತೆ, ಆದ್ರೆ ಯಾವ ಮಂಗಳವಾರ ಬೇಕಾದ್ರೂ ಮನೆಗೆ ಕಳಿಸ್ತಾರೆ, ಏಳು ವಾರಕ್ಕೆ ಕಳಿಸಿದ್ರು. ಈಗ ಹೈಸ್ಕೂಲ್ ಹುಡುಗರಿಗೆ ಲೈನ್ ಕೋಚ್, 40 ಕೆಜಿ ಇಳಿಸಿದಾನೆ, ದೋಸೆ ಐದಕ್ಕೇ ನಿಲ್ಲಿಸ್ತಾನೆ.

ಆ ಶನಿವಾರ ಅವರಮ್ಮನಿಗೆ ಊರಿಂದ, ಅಕ್ಕತಂಗಿಯರಿಂದ, ಚರ್ಚಿನೋರಿಂದ ಒಂದೇ ಸಮ ಫೋನು, "ಆಯ್ತಾ? ಆಯ್ತಾ?" ಅಂತ. ಅವರು ಎತ್ತಿ ಎತ್ತಿ ಸಾಕಾಗಿ ಅತ್ತೇಬಿಟ್ರು. ಹುಡುಗ ಮಾತ್ರ ತನ್ನ ಫೋನ್ ಚಾರ್ಜಿಗೆ ಹಾಕಿ ಅದರ ಮುಂದೆ ನೆಲದ ಮೇಲೆ ಕೂತಿದ್ದ, ಬಾತ್‌ರೂಮಿಗೂ ಹೋಗ್ಲಿಲ್ಲ. ಅಮೆರಿಕದ ಶನಿವಾರ ಸಂಜೆ ಅಂದ್ರೆ ನಿಮಗೆ ಭಾನುವಾರ ಬೆಳಗಿನ ಜಾವ, ಏಪ್ರಿಲ್ ಕೊನೇಲಿ ಬರುತ್ತೆ. ಊರಿಂದ ಯಾರೂ ನಿಮ್ಮ ಹುಡುಗನ ನಂಬರ್‌ಗೆ ಫೋನ್ ಮಾಡ್ಬೇಡಿ ಸರ್, ವಾಟ್ಸಾಪ್ ಕಾಲೂ ಬೇಡ. ಅವನ ಲೈನ್ ಖಾಲಿ ಇರ್ಲಿ.